ಬಿಳಿ ಗೆರೆಯನ್ನು ಫ್ಲೋರೈಡ್ ಕಲೆ ಎಂದುಕೊಂಡೆ

ಊರಿನಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕೆಟ್ಟವರನ್ನು ಕಂಡಿದ್ದೇವೆ, ಈಗ ಬೆಂಗಳೂರಿನ ದಂತವೈದ್ಯರು ನಾಲ್ಕು ವರ್ಷದ ಮಗನಿಗೆ ಅದೇ ಫ್ಲೋರೈಡ್ ಇರುವ ವಾರ್ನಿಶ್ ಎಂಬ ಲೇಪವನ್ನು ಹಲ್ಲಿಗೆ ಹಚ್ಚುತ್ತೇನೆ ಎನ್ನುತ್ತಾರೆ, ಒಪ್ಪಬೇಕೇ ಎಂದು ಕೇಳಿದ್ದೀರಿ. ನಾನೂ ಅಂಥದೇ ನೀರಿನ ಪಾವಗಡದ ಕಡೆಯವಳು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ, ತಂಗಿಯ ಹಲ್ಲಿನ ಮೇಲೂ ಇವೆ. ಫೋಟೊ ತೆಗೆಯುವಾಗ ತುಟಿ ಬಿಗಿದುಕೊಳ್ಳುವುದು ನಮಗೆ ಬಾಲ್ಯದಿಂದಲೇ ರೂಢಿಯಾಗಿತ್ತು. ಹಾಗಾಗಿ ಮಗಳು ಹುಟ್ಟಿದಾಗ ನಾನು ಮಾಡಿಕೊಂಡ ಮೊದಲ ನಿರ್ಧಾರವೇ ಫ್ಲೋರೈಡ್ ಅವಳ ಹತ್ತಿರ ಸುಳಿಯಬಾರದು ಎಂಬುದು. ಆರ್‌ಒ ನೀರು ಕುಡಿಸಿದೆ, ಫ್ಲೋರೈಡ್ ಇಲ್ಲದ ಮಕ್ಕಳ ಪೇಸ್ಟ್ ಹುಡುಕಿ ತಂದೆ.

ಅವಳಿಗೆ ಮೂರು ತುಂಬುವ ಹೊತ್ತಿಗೆ ಮೇಲಿನ ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ ಸರಿಯಾಗಿ, ಸುಣ್ಣ ಬಳಿದಂತೆ ಮಂಕಾದ ಬಿಳಿ ಗೆರೆ ಕಾಣಿಸಿತು. ಊರಿನಲ್ಲಿ ಕಲೆ ಶುರುವಾಗುತ್ತಿದ್ದುದೂ ಬಿಳಿಯಾಗಿಯೇ. ಎಲ್ಲಿಂದಲೋ ಫ್ಲೋರೈಡ್ ಸೇರಿಬಿಟ್ಟಿದೆ ಎಂದು ಹೆದರಿದೆ. ವೈದ್ಯರು ವಾರ್ನಿಶ್ ಎಂದಾಗ ಬೇಡವೇ ಬೇಡ ಎಂದು ಎದ್ದು ಬಂದೆ.

ನನಗೆ ದುಬಾರಿಯಾದದ್ದು ಇದೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಗೆರೆ ಹುಳುಕಿನ ಮೊದಲ ಹಂತವಾಗಿತ್ತು. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಆಮ್ಲ ಹಲ್ಲಿನ ಹೊರಪದರವಾದ ಎನಾಮೆಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಖನಿಜಗಳನ್ನು ಕರಗಿಸುತ್ತದೆ. ಹಾಗೆ ಕರಗಿದ ಜಾಗ ಹೊಳಪು ಕಳೆದುಕೊಂಡು ಬೆಳ್ಳಗೆ ಕಾಣುತ್ತದೆ. ಗುಳಿ ಬೀಳುವ ಮುನ್ನ ಲಾಲಾರಸ ಆ ಖನಿಜಗಳನ್ನು ಮರಳಿಸಬಲ್ಲದು, ಮತ್ತು ಆ ಕೆಲಸವನ್ನು ಚುರುಕುಗೊಳಿಸಿ ಪದರವನ್ನು ಆಮ್ಲ ತಡೆಯುವಷ್ಟು ಗಟ್ಟಿ ಮಾಡುವುದೇ ಫ್ಲೋರೈಡ್. ಅಂದರೆ ಮಗಳ ಹಲ್ಲಿಗೆ ಅತ್ಯಂತ ಬೇಕಾಗಿದ್ದ ಗಳಿಗೆಯಲ್ಲೇ ನಾನು ಅದನ್ನು ತಡೆದೆ. ನಮ್ಮೂರಿನ ಕಲೆಯ ಬಗೆ ಬೇರೆ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದ ಫ್ಲೋರೈಡ್‌ನಿಂದ ಅದು ಬರುತ್ತದೆ, ಎಡ-ಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಾಗಿ ಅಡ್ಡ ಗೆರೆಗಳಾಗಿ ಹರಡುತ್ತದೆ. ಹುಳುಕಿನ ಗೆರೆ ಕೊಳೆ ಕೂರುವ ಒಸಡಿನ ಅಂಚನ್ನೇ ಹಿಡಿಯುತ್ತದೆ. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿಗೆ ಇದು ಬರುವುದು ಸಾಮಾನ್ಯ. ನನ್ನ ಮಗಳಿಗೂ ಆ ಅಭ್ಯಾಸವಿತ್ತು.

ಮುಂದೆ ಕೆಳದವಡೆಯ ಹಾಲು ಹಲ್ಲುಗಳು ಕುಸಿದವು. ರಾತ್ರಿ ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಳು. ಹಲ್ಲಿನ ಒಳಗಿನ ನರದ ಚಿಕಿತ್ಸೆಯಾಯಿತು, ಮೇಲೆ ಸ್ಟೀಲ್ ಟೋಪಿ ಬಿತ್ತು. ಬೀಳುವ ಹಲ್ಲು ತಾನೇ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ, ಕೇಳಬೇಡಿ. ದವಡೆಯ ಹಾಲು ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಅಗಿಯಬೇಕು. ಆರನೆಯ ವರ್ಷದ ಹೊತ್ತಿಗೆ ಅದರ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದನ್ನೂ ಹಾಲು ಹಲ್ಲೆಂದೇ ಭಾವಿಸಿ ಉದಾಸೀನ ಮಾಡುವವರು ಬಹಳ.

ನೀವು ಊರಿನ ನೀರನ್ನೂ ವಾರ್ನಿಶ್ಶನ್ನೂ ಒಂದೇ ತಕ್ಕಡಿಗೆ ಹಾಕಿರುವುದನ್ನು ನಾನು ಒಪ್ಪುವುದಿಲ್ಲ. ಕೊಳವೆಬಾವಿಯ ನೀರು ದಿನವೂ, ಲೀಟರುಗಟ್ಟಲೆ ಹೊಟ್ಟೆಗೆ ಹೋಗುತ್ತದೆ. ವಾರ್ನಿಶ್‌ನಲ್ಲಿ ಫ್ಲೋರೈಡ್ 22,600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಎಂದು ಓದಿ ಗಾಬರಿಯಾಗಬೇಡಿ. ಮಗುವಿನ ಬಾಯಿಗೆ ಬೇಕಾಗುವುದು ಸುಮಾರು ಕಾಲು ಮಿಲಿಲೀಟರ್, ಅದೂ ವರ್ಷಕ್ಕೆ ಎರಡರಿಂದ ನಾಲ್ಕು ಸಲ. ಎಂಜಲು ತಾಗಿದೊಡನೆ ಹಲ್ಲಿಗೇ ಅಂಟಿಕೊಂಡು ಗಟ್ಟಿಯಾಗುತ್ತದೆ.

ಊರಿನ ನೀರಿನ ಭಯ ಮಾತ್ರ ನಿಜವಾದದ್ದು, ಅದನ್ನು ಬಿಡಬೇಡಿ. ರಜೆಗೆ ಮಗನನ್ನು ಕಳಿಸುವುದಾದರೆ ಅಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ನಿಶ್ಚಿಂತೆ, 1.5 ದಾಟಿದರೆ ಕುಡಿಸಲೇಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಮನೆಯಲ್ಲಿ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟೇ ಹಾಕಿ, ರಾತ್ರಿ ನೀವೇ ಕೈಯಾರೆ ಉಜ್ಜಿ, ಉಗುಳಿಸಿ. ಆಮೇಲೆ ಬಾಯಿ ಮುಕ್ಕಳಿಸಲು ಮಾತ್ರ ಹೇಳಬೇಡಿ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಬ್ರಷ್ ಒಪ್ಪಿಸಿ ನಿಶ್ಚಿಂತರಾಗುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿಯ ಹಾಲು ಉಜ್ಜುವ ಮೊದಲೇ ಮುಗಿಯಲಿ.

ವಾರ್ನಿಶ್ ಹಚ್ಚಿಸಿ. ಅದರಲ್ಲಿ ಸಾಮಾನ್ಯವಾಗಿ ಪೈನ್ ಮರದ ರಾಳ ಇರುತ್ತದೆ, ಅಂಥ ಅಲರ್ಜಿ ಅಥವಾ ಆಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಒಂದು ದಿನ ಹಲ್ಲು ಹಳದಿಯಾಗಿ ಕಾಣಬಹುದು, ಅದು ಹೋಗುತ್ತದೆ. ಅಂದು ಮೆತ್ತಗಿನ ಊಟ ಕೊಡಿ, ಬ್ರಷ್ಷನ್ನು ಮರುದಿನ ಬೆಳಿಗ್ಗೆ ಹಿಡಿಯಿರಿ, ಮತ್ತು ಹೊರಡುವ ಮುನ್ನ ಮುಂದಿನ ಸಲದ ದಿನಾಂಕವನ್ನು ಬರೆಸಿಕೊಂಡೇ ಬನ್ನಿ.