ಒಂದೇ ಫಾಂಟಿಗೆ ಇಬ್ಬರು ವಾರಸುದಾರರು

ಪ್ರಶ್ನೆ: ಆಲೆಮನೆಗಳ ಕಬ್ಬು, ಬೆಲ್ಲದ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಮಾಡಿ ಡೆಬ್ ಪ್ಯಾಕೇಜ್ (ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವ ಫೈಲ್) ಆಗಿ ಕೊಡುತ್ತಿದ್ದೇವೆ. ಬಿಲ್ ಕನ್ನಡದಲ್ಲಿ ಬರಲೆಂದು ಲೋಹಿತ್ ಫಾಂಟನ್ನೂ ಒಳಗೇ ಸೇರಿಸಿದ್ದೇವೆ. ಕೆಲವು ಉಬುಂಟು ಕಂಪ್ಯೂಟರ್‌ಗಳಲ್ಲಿ ಮಾತ್ರ ‘ಟ್ರೈಯಿಂಗ್ ಟು ಓವರ್‌ರೈಟ್’ ಎಂದು ಇನ್‌ಸ್ಟಾಲ್ ನಿಂತುಹೋಗುತ್ತದೆ. ‘ಫೋರ್ಸ್ ಓವರ್‌ರೈಟ್’ ಕೊಟ್ಟರೆ ಆಗುತ್ತದೆ. ಅದರಿಂದ ತೊಂದರೆ ಇದೆಯೇ?
— ಓದುಗರು, ಪಾಂಡವಪುರ

ಉತ್ತರ: ಇದೆ. ಅದು ಕಾಣಿಸುವುದು ನಿಮ್ಮ ಸಾಫ್ಟ್‌ವೇರನ್ನು ತೆಗೆದ ದಿನ. ಪ್ಯಾಕೇಜುಗಳನ್ನು ಕೂರಿಸುವ, ತೆಗೆಯುವ ಡಿಪಿಕೆಜಿಯ ಲೆಕ್ಕದಲ್ಲಿ ಒಂದು ಫೈಲಿಗೆ ಒಂದೇ ಪ್ಯಾಕೇಜ್ ಒಡೆಯ. ಬಲವಂತದಿಂದ ಕೂರಿಸಿದ ನಿಮ್ಮ ಪ್ಯಾಕೇಜ್ ಹೋಗುವಾಗ ಫಾಂಟ್ ಫೈಲನ್ನೂ ಅಳಿಸಿಕೊಂಡು ಹೋಗುತ್ತದೆ. ಪಟ್ಟಿಯಲ್ಲಿ ಉಬುಂಟುವಿನದೇ ಲೋಹಿತ್ ಪ್ಯಾಕೇಜ್ ಇದ್ದೇ ಇರುತ್ತದೆ, ಡಿಸ್ಕಿನಲ್ಲಿ ಫಾಂಟ್ ಇರುವುದಿಲ್ಲ. ಬೇರೆ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲೆಲ್ಲ ಬರೀ ಚೌಕ.

ತಕರಾರು ಬಂದ ಕಂಪ್ಯೂಟರಿನಲ್ಲಿ ‘ಡಿಪಿಕೆಜಿ -ಎಸ್’ (ದೊಡ್ಡ ಎಸ್) ಮುಂದೆ ಆ ಫೈಲಿನ ಪೂರ್ತಿ ವಿಳಾಸ ಕೊಡಿ, ಒಡೆಯನ ಹೆಸರು ಹೇಳುತ್ತದೆ. ಲೋಹಿತ್ ಮೊದಲೇ ಇದ್ದಲ್ಲಿ ನಿಮ್ಮದು ಕೂರುತ್ತಿಲ್ಲ. ನಿಮ್ಮದು ಮೊದಲು ಹೋದ ಕಡೆ ನಾಳೆ ಲೋಹಿತ್ ಕೂರುವುದಿಲ್ಲ, ಬೈಗುಳ ಮಾತ್ರ ಲೋಹಿತ್‌ಗೆ!

ಫಾಂಟನ್ನು ಪ್ಯಾಕೇಜಿನಿಂದ ತೆಗೆದು, ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಫೈಲಿನಲ್ಲಿ, ಬೇಕಾದ ಬೇರೆ ಪ್ಯಾಕೇಜುಗಳನ್ನು ಹೇಳುವ ‘ಡಿಪೆಂಡ್ಸ್’ ಸಾಲಿಗೆ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಸೇರಿಸಿ. ಇನ್‌ಸ್ಟಾಲ್‌ಗೆ ‘ಡಿಪಿಕೆಜಿ -ಐ’ ಬೇಡ, ಅದು ಅವಲಂಬನೆಗಳನ್ನು ತಂದುಕೊಡುವುದಿಲ್ಲ. ಡೆಬ್ ಇರುವ ಫೋಲ್ಡರಿನಲ್ಲೇ ನಿಂತು ‘ಎಪಿಟಿ ಇನ್‌ಸ್ಟಾಲ್ ./’ ಬರೆದು, ಜಾಗ ಬಿಡದೆ ಫೈಲಿನ ಹೆಸರು ಕೊಡಿ. ಇಂಟರ್ನೆಟ್ ಇಲ್ಲದ ಆಲೆಮನೆಗೆ ಪೆನ್‌ಡ್ರೈವಿನಲ್ಲಿ ಫಾಂಟಿನ ಡೆಬ್ ಕೂಡ ಒಯ್ದು ಎರಡನ್ನೂ ಒಂದೇ ಆಜ್ಞೆಯಲ್ಲಿ ಕೊಟ್ಟರಾಯಿತು. ಫಾಂಟನ್ನು ನೀವೇ ತಿದ್ದಿದ್ದೀರಾದರೆ ಫೋಲ್ಡರ್ ಬದಲಿಸಿದರೆ ಸಾಲದು, ಫಾಂಟಿನೊಳಗಿನ ಹೆಸರನ್ನೂ ಬದಲಿಸಿ. ಇಲ್ಲದಿದ್ದರೆ ಎರಡರಲ್ಲಿ ಯಾವುದು ಬಿಲ್ಲಿಗೆ ಬಂತೆಂದು ತಿಳಿಯದು.

ಪ್ರಶ್ನೆ: 2.0 ಆವೃತ್ತಿಯಿಂದ ಸಹಾಯದ ಪುಟಗಳನ್ನು ಬೇರೆ ಪ್ಯಾಕೇಜ್ ಮಾಡಿದೆವು. ಹೊಸಬರಿಗೆ ಸಲೀಸು, ಅಪ್‌ಗ್ರೇಡ್ ಮಾಡುವವರಿಗೆ ಇದೇ ಓವರ್‌ರೈಟ್ ತಕರಾರು.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹೊಸ ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ ‘ಬ್ರೇಕ್ಸ್’ (ಆ ಹಳೆಯದರ ಜೊತೆ ಹೊಂದುವುದಿಲ್ಲ), ‘ರಿಪ್ಲೇಸಸ್’ (ಅದರ ಫೈಲುಗಳ ಒಡೆತನ ಇನ್ನು ನನ್ನದು) ಎರಡೂ ಸಾಲು ಬೇಕು. ಎರಡರಲ್ಲೂ ಹಳೆ ಪ್ಯಾಕೇಜಿನ ಹೆಸರು, ಮುಂದೆ ‘ಇದಕ್ಕಿಂತ ಹಳೆಯದು’ ಎನ್ನುವ (<< 2.0-1~). ಕೊನೆಯ ಆ ಅಲೆಗೆರೆ ಬಿಡಬೇಡಿ, 2.0-1ರ ಬ್ಯಾಕ್‌ಪೋರ್ಟ್ (ಹಳೆ ಸಿಸ್ಟಂಗೆಂದು ಮರುಕಟ್ಟಿದ) ಆವೃತ್ತಿಗೂ ಅಲೆಗೆರೆ ಇರುವುದರಿಂದ ಅದು 2.0-1ಕ್ಕಿಂತ ಹಿಂದೆ ನಿಲ್ಲುತ್ತದೆ, ವಿನಾಕಾರಣ ಹಳೆಯದರ ಸಾಲಿಗೆ ಸೇರಿಬಿಡುತ್ತದೆ. ‘ಕಾನ್‌ಫ್ಲಿಕ್ಟ್ಸ್’ ಹಾಕುವ ಆಸೆ ಹಲವರಿಗೆ. ಇಷ್ಟಕ್ಕೆ ಅದು ಅತಿಯಾಯಿತು: ಹಳೆಯದನ್ನು ಮೊದಲೇ ತೆಗೆಯಲು ಹಟ ಹಿಡಿದು ಅಪ್‌ಗ್ರೇಡನ್ನೇ ಸಿಕ್ಕಿಸುತ್ತದೆ. ಹಂಚುವ ಮುಂಚೆ 1.x ಇರುವ ಕಂಪ್ಯೂಟರಿನಲ್ಲಿ ಒಮ್ಮೆ ಅಪ್‌ಗ್ರೇಡ್ ಮಾಡಿ ನೋಡಿ.

ಪ್ರಶ್ನೆ: ಲೈಬ್ರರಿಗಳನ್ನು (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿದ್ಧ ಕೋಡ್) ನಮ್ಮ ಪ್ಯಾಕೇಜಿನಲ್ಲೇ ತುಂಬಿಸಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ?
— ಓದುಗರು, ಮದ್ದೂರು

ಉತ್ತರ: ರಗಳೆ ಮುಂದಕ್ಕೆ ಹೋಗುತ್ತದೆ ಅಷ್ಟೆ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಚಿತ್ರ ಲೈಬ್ರರಿಯ ಭದ್ರತಾ ದೋಷ ಹೊರಬಿತ್ತು. ಸಿಸ್ಟಂನ ಲೈಬ್ರರಿ ಬಳಸುವ ಸಾಫ್ಟ್‌ವೇರ್‌ಗಳಿಗೆ ಒಂದೇ ಅಪ್‌ಡೇಟ್ ಸಾಕಾಯಿತು. ಒಳಗೆ ತುಂಬಿಕೊಂಡಿದ್ದವರು ಪ್ರತಿಯೊಬ್ಬರೂ ಹೊಸ ಪ್ಯಾಕೇಜ್ ಬಿಡಬೇಕಾಯಿತು. ತುಂಬಲೇಬೇಕಾದರೆ ‘/ಯುಎಸ್‌ಆರ್/ಲಿಬ್’ ಒಳಗೆ ನಿಮ್ಮ ಸಾಫ್ಟ್‌ವೇರ್ ಹೆಸರಿನ ಫೋಲ್ಡರಿನಲ್ಲಿಡಿ, ಆರ್‌ಪಾತ್ (ಲೈಬ್ರರಿ ಎಲ್ಲಿದೆಯೆಂದು ಪ್ರೋಗ್ರಾಮಿನೊಳಗೇ ಬರೆದಿಡುವ ವಿಳಾಸ) ಮೂಲಕ ನಿಮ್ಮ ಪ್ರೋಗ್ರಾಮಿಗೆ ಮಾತ್ರ ದಾರಿ ತೋರಿಸಿ. ಆ ಫೋಲ್ಡರನ್ನು, ಇಡೀ ಸಿಸ್ಟಂ ಲೈಬ್ರರಿ ಹುಡುಕುವ ಜಾಗಗಳನ್ನು ಹೇಳುವ ಎಲ್‌ಡಿ ಡಾಟ್ ಎಸ್‌ಒ ಕಾನ್ಫಿಗರೇಶನ್ನಿಗೆ ಸೇರಿಸಿದಿರೋ, ಊರಿನ ಪ್ರೋಗ್ರಾಮುಗಳೆಲ್ಲ ನಿಮ್ಮ ಹಳೆ ಲೈಬ್ರರಿಯನ್ನೇ ಎತ್ತಿಕೊಳ್ಳಬಹುದು.