ಅಮ್ಮನ ಬೆರಳನ್ನು ಯಂತ್ರ ಏಕೆ ಒಪ್ಪುತ್ತಿಲ್ಲ?

ಪ್ರಶ್ನೆ: ಅಮ್ಮ ಮೂವತ್ತು ವರ್ಷದಿಂದ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದಾರೆ. ಕೊಯ್ಲು ಶುರುವಾದಾಗಿನಿಂದ ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಥಂಬ್ ತೆಗೆದುಕೊಳ್ಳುತ್ತಿಲ್ಲ. 'ಬೆರಳಲ್ಲಿ ಗೆರೆಯೇ ಇಲ್ಲ' ಎಂದು ಎರಡು ಸಲ ಅಕ್ಕಿ ಕೊಡದೆ ಕಳಿಸಿದರು. ತಪ್ಪು ಅಮ್ಮನ ಕೈಯದೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಖಂಡಿತ ಅಲ್ಲ, ತಂಗಿ. ನನ್ನ ಅವ್ವನ ಕೈಯೂ ಹಾಗೇ ಇತ್ತು. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಬೆರಳ ತುದಿ ಕಪ್ಪಾಗಿ ಬಿರಿದಿರುತ್ತಿತ್ತು. ತಲೆ ಸವರಿದರೆ ನನ್ನ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಗೋಣಿಕೊಪ್ಪದ ನನ್ನ ರಿಪೇರಿ ಅಂಗಡಿಯಲ್ಲಿ ಇಂಥ ಯಂತ್ರ ಬಿಚ್ಚಿ ನೋಡಿದ್ದೇನೆ. ಒಂದು ಗಾಜು, ಒಳಗೆ ದೀಪ, ಪುಟ್ಟ ಕ್ಯಾಮೆರಾ. ಬೆರಳಿನ ಏಣು, ಅಂದರೆ ಗೆರೆಯ ಉಬ್ಬು, ಗಾಜಿಗೆ ಒತ್ತಿದ ಕಡೆ ಬೆಳಕು ಒಂದು ರೀತಿ ಮರಳುತ್ತದೆ, ನಡುವಿನ ತಗ್ಗಿನಲ್ಲಿ ಇನ್ನೊಂದು ರೀತಿ. ಆ ವ್ಯತ್ಯಾಸದಿಂದಲೇ ಅಚ್ಚು ಮೂಡುವುದು. ಏಣು ಸವೆದಿದ್ದರೆ, ಚರ್ಮ ಒಣಗಿ ಗಾಜಿಗೆ ಕೂರದಿದ್ದರೆ ಚಿತ್ರ ಮಸುಕು. ಕಡತ ತಿರುವುವ ಕೈಗೆ ಸಲೀಸು. ಆದರೆ ಪಡಿತರದ ಸಾಲಿನಲ್ಲಿ ನಿಲ್ಲುವವರು ಹಣ್ಣು ಕೊಯ್ಯುವವರು, ಕಲ್ಲು ಹೊರುವವರು. ಯಂತ್ರವನ್ನು ಮೊದಲು ಅವರ ಬೆರಳಲ್ಲೇ ಪರೀಕ್ಷಿಸಿ ನೋಡಬೇಕಿತ್ತು. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಈ ಅಚ್ಚಿನ ಹಿಂದೆ ಒಂದು ಹಳೆಯ ಕಥೆಯಿದೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಯ ಗುತ್ತಿಗೆ ಪತ್ರದ ಮೇಲೆ ರಾಜ್ಯಧರ ಕೊನಾಯ್ ಎಂಬವರ ಅಂಗೈ ಅಚ್ಚು ಹಾಕಿಸಿಕೊಂಡ. ಆಮೇಲೆ 'ಸಹಿ ನನ್ನದಲ್ಲ' ಎನ್ನಬಾರದೆಂಬ ಎಚ್ಚರಿಕೆ ಅದು. ಆ ಅಪನಂಬಿಕೆ ಯಂತ್ರದೊಳಗೆ ಇನ್ನೂ ಕೂತಿದೆ ಅಂತ ನನಗೆ ಅನಿಸುತ್ತದೆ. ಊರಿಗೆಲ್ಲ ಗೊತ್ತಿರುವ ನಿಮ್ಮ ಅಮ್ಮನನ್ನೇ ಅದು ಅವರಲ್ಲ ಎನ್ನುತ್ತಿದೆ.

ಸದ್ಯಕ್ಕೆ ಹೀಗೆ ಮಾಡಿ. ಹಿಂದಿನ ರಾತ್ರಿ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒರೆಸಿ. ಬೇರೆ ಬೆರಳು ಕೊಟ್ಟು ನೋಡಿ. ಆಧಾರ್‌ನಲ್ಲಿ ಹತ್ತೂ ಬೆರಳು, ಎರಡೂ ಕಣ್ಣಿನ ಪಾಪೆ ದಾಖಲಾಗಿರುತ್ತವೆ. ಆಳದ ಗಾಯವಿಲ್ಲದಿದ್ದರೆ ಸವೆದ ಗೆರೆ ಮತ್ತೆ ಬೆಳೆಯುತ್ತದೆ. ಕೊಯ್ಲು ಮುಗಿದು ಕೆಲವು ವಾರ ಬಿಟ್ಟು ಆಧಾರ್ ಕೇಂದ್ರದಲ್ಲಿ ಹೊಸದಾಗಿ ಅಚ್ಚು ಕೊಡಿಸಿ.

ಅಕ್ಕಿಯನ್ನು ಮಾತ್ರ ಅಲ್ಲಿಯವರೆಗೆ ಬಿಡಬೇಡಿ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಆಧಾರ್ ಪ್ರಕರಣದಲ್ಲಿ, 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂದಿದೆ. ಮತ್ತೆ ಇಲ್ಲವೆಂದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಬರೆದುಕೊಡಿ, ಹಿಂಬರಹ ಕೇಳಿ ಪಡೆಯಿರಿ. ಅಮ್ಮನ ಜೊತೆ ನೀವೂ ಹೋಗಿ.