ಚುಕ್ಕಿ ಇಟ್ಟ ಮಾತ್ರಕ್ಕೆ ಓದುತ್ತಾರೆಯೇ?

ಪ್ರಶ್ನೆ: ಮೇಡಂ, ನಾನು ಉತ್ಪನ್ನಗಳ ವಿವರಣೆ ಬರೆಯುವ ಕೆಲಸದಲ್ಲಿದ್ದೇನೆ. ಜನ ಪ್ಯಾರಾ ಓದುವುದಿಲ್ಲ, ಎಲ್ಲವನ್ನೂ ಬುಲೆಟ್ ಪಾಯಿಂಟ್ ಮಾಡಿ ಅನ್ನುತ್ತಾರೆ ಮೇಲಧಿಕಾರಿ. ಒಂದು ಚಾರ್ಜಿಂಗ್ ದೀಪಕ್ಕೆ 14 ಪಾಯಿಂಟ್ ಬರೆದೆ (ಜೊತೆಗೆ ಕಳಿಸಿದ್ದೇನೆ). ಓದಲು ನನಗೇ ಬೇಸರ. ಎಲ್ಲಿ ತಪ್ಪಿದೆ?

ಉತ್ತರ: ಹದಿನಾಲ್ಕನ್ನೂ ಗಟ್ಟಿಯಾಗಿ ಓದಿದೆ. ಒಂಬತ್ತು ಸಾಲು ‘ಈ ದೀಪವು’ ಎಂದೇ ಶುರುವಾಗುತ್ತವೆ. ಪಟ್ಟಿಯ ಮೇಲೆ ಕಣ್ಣಾಡಿಸುವವರು ಸಾಲಿನ ಮೊದಲೆರಡು ಪದ ನೋಡಿ ಕೆಳಗಿಳಿಯುತ್ತಾರೆ. ಅವರಿಗೆ ಸಿಕ್ಕಿದ್ದು ಒಂಬತ್ತು ಸಲವೂ ಅದೇ ದೀಪ.

ಪ್ರತಿ ಪಾಯಿಂಟನ್ನೂ ಕ್ರಿಯಾಪದದಿಂದ ಆರಂಭಿಸಿ ಎಂಬುದು ಇಂಗ್ಲಿಷ್ ಬರೆಯುವವರಿಗೆ ಹೇಳುವ ಮಾತು. ನಮ್ಮಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಹಾಗಾಗಿ ಕನ್ನಡದ ಸಾಲಿಗೆ ಎರಡೂ ತುದಿ ನೋಡಿಕೊಳ್ಳಬೇಕು: ಮೊದಲ ಪದ ಹೊಸದೇನನ್ನೋ ಹೇಳಬೇಕು, ಕೊನೆಯ ಪದ ಉಳಿದ ಸಾಲುಗಳ ಜೊತೆ ಹೊಂದಬೇಕು. ನಿಮ್ಮಲ್ಲಿ ಒಂದು ಸಾಲು ‘ಉರಿಯುತ್ತದೆ’ ಎಂದು ಮುಗಿದರೆ ಮುಂದಿನದು ‘ನೀರು ನಿರೋಧಕ’ ಎಂದು ನಿಂತುಬಿಡುತ್ತದೆ, ಅದರ ಮುಂದಿನದು ‘ಕೇಬಲ್ ಬಳಸಿ’ ಎಂದು ಅಪ್ಪಣೆ ಕೊಡುತ್ತದೆ. ನಾನು ಹೀಗೆ ತಿದ್ದಿದೆ:

• ಎಂಟು ಗಂಟೆ ಒಂದೇ ಚಾರ್ಜ್‌ನಲ್ಲಿ ಉರಿಯುತ್ತದೆ
• ಅಂಗೈಯಷ್ಟಕ್ಕೆ ಮಡಚಿಕೊಳ್ಳುತ್ತದೆ
• ಫೋನಿನ ಕೇಬಲ್‌ನಿಂದಲೇ ಚಾರ್ಜ್ ಆಗುತ್ತದೆ

‘ಉತ್ಕೃಷ್ಟ ಗುಣಮಟ್ಟ’ವನ್ನು ಹೊಡೆದುಹಾಕಿದೆ. ಯಾವ ವಸ್ತುವಿಗಾದರೂ ಒಪ್ಪುವ ಮಾತು ಈ ದೀಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ತೂಕ, ವ್ಯಾಟ್, ಅಳತೆಗಳಿಗೆ ಪುಟ್ಟ ಕೋಷ್ಟಕ ಸಾಕು.

ನೀರಿನ ಸಾಲನ್ನು ಬೇಕೆಂದೇ ಬಿಟ್ಟೆ. ಪಟ್ಟಿ ಮಾಡಿದೊಡನೆ ‘ಆದರೆ’, ‘ಆದ್ದರಿಂದ’, ‘ಹಾಗಿದ್ದರೆ ಮಾತ್ರ’ ಇವೆಲ್ಲ ಉದುರಿಹೋಗುತ್ತವೆ. ನನಗೆ ನಿಜಕ್ಕೂ ಭಯವಿರುವುದು ಇದರದ್ದೇ. 2003ರ ಫೆಬ್ರವರಿ 1ರಂದು ಅಮೆರಿಕದ ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಏಳು ಮಂದಿ ತೀರಿಕೊಂಡರು. ಅವರಿನ್ನೂ ಕಕ್ಷೆಯಲ್ಲಿದ್ದಾಗಲೇ, ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿ ನೌಕೆಗೆ ಬಡಿದ, ಮುಂದೆ ದುರಂತಕ್ಕೆ ಕಾರಣವಾದ ಫೋಮ್ ತುಂಡಿನ ಬಗ್ಗೆ ಎಂಜಿನಿಯರುಗಳು ಸ್ಲೈಡ್ ತಯಾರಿಸಿದ್ದರು. ಶೀರ್ಷಿಕೆ ಧೈರ್ಯ ತುಂಬುವಂತಿತ್ತು. ಇಂಥ ಹೊಡೆತದಿಂದ ಎಷ್ಟು ಹಾನಿಯಾಗುತ್ತದೆಂದು ತಿಳಿಯಲು ಹಿಂದೆ ನಡೆಸಿದ್ದ ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ಬಡಿದದ್ದು ಅಂದಾಜು 1,920 ಘನ ಇಂಚು ಎಂಬ ಸಂಗತಿ ಮಾತ್ರ ಪಾಯಿಂಟು, ಉಪಪಾಯಿಂಟುಗಳನ್ನೆಲ್ಲ ದಾಟಿ ತೀರಾ ತಳದಲ್ಲಿ ಕೂತಿತ್ತು. ‘ಆದ್ದರಿಂದ ಆ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ’ ಎಂದು ಎರಡನ್ನೂ ಬೆಸೆಯುವ ವಾಕ್ಯ ಅಲ್ಲಿರಲಿಲ್ಲ. ಆ ಸ್ಲೈಡನ್ನು ತನಿಖಾ ಮಂಡಳಿಯ ವರದಿಯೂ ಎತ್ತಿ ತೋರಿಸಿತು.

ನಿಮ್ಮ ದೀಪದ ವಿಷಯ ಅಷ್ಟು ದೊಡ್ಡದಲ್ಲ, ಆದರೆ ಬಿರುಕು ಅದೇ ಜಾತಿಯದು. ನಿಮ್ಮ 6ನೇ ಸಾಲು ‘ನೀರು ನಿರೋಧಕ’. 11ನೆಯದು ‘ಚಾರ್ಜಿಂಗ್ ಕಿಂಡಿಯ ಮುಚ್ಚಳ ಭದ್ರವಾಗಿರಲಿ’. ಮೊದಲನೆಯದನ್ನಷ್ಟೇ ಓದಿದವರು ದೀಪವನ್ನು ಮಳೆಯಲ್ಲಿ ಹಾಗೇ ಬಿಡುತ್ತಾರೆ. ಪಟ್ಟಿಯ ಕೆಳಗೆ, ಚುಕ್ಕಿಯಿಲ್ಲದೆ, ಇಡೀ ವಾಕ್ಯ ಬರೆಯಿರಿ: ‘ಮಳೆಯಲ್ಲಿ ನೆನೆದರೂ ಕೆಡುವುದಿಲ್ಲ, ಆದರೆ ಚಾರ್ಜಿಂಗ್ ಕಿಂಡಿಯ ಮುಚ್ಚಳ ಬಿಗಿಯಾಗಿ ಹಾಕಿದ್ದರೆ ಮಾತ್ರ.’